ನೀರಿಗೂ ಒಂದು ಪಾಲುದಾರಿಕೆ ಪತ್ರ

ನಮ್ಮ ನಾನಾ, ಅಂದರೆ ಅಮ್ಮಿಯ ತಂದೆ, ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಎರಡೂವರೆ ಎಕರೆ ಹೊಲ ಮಾಡುತ್ತಾರೆ. ಹೊಲ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ. ನಮ್ಮ ಕಡೆ ಇದಕ್ಕೆ 'ಟೇಲೆಂಡ್' ಎನ್ನುತ್ತಾರೆ. ಆಗಸ್ಟ್ ತಿಂಗಳಲ್ಲಿ ನಮ್ಮ ಮನೆಯಿಂದ ನಾನಾಗೆ ಫೋನ್ ಮಾಡಿದರೆ ಸಲಾಮ್ ಆದ ಮೇಲೆ ಅಮ್ಮಿ ಕೇಳುವ ಮೊದಲ ಮಾತು "ಪಾನಿ ಆಯಾ ಕ್ಯಾ?" ನೀರು ಬಂತಾ ಎಂದು. ಆರೋಗ್ಯದ ವಿಚಾರ ಆಮೇಲೆ. ಮೇಲಿನ ಭಾಗದಲ್ಲಿ ಭತ್ತದ ನಾಟಿ ಮುಗಿದು ಪೈರು ಹಸಿರಾಗಿರುವಾಗ ನಮ್ಮ ನಾನಾ ಬರಿದಾದ ಹೊಲಗಾಲುವೆಯ ದಂಡೆಯ ಮೇಲೆ ಕುಳಿತಿರುತ್ತಾರೆ. "ಸರ್ಕಾರದ ಕಾಲುವೆ, ಸರ್ಕಾರ ಬಿಟ್ಟಾಗ ಬರುತ್ತೆ" ಎನ್ನುವುದು ಅವರ ಮಾತು.

ಈ ವರ್ಷ ನಮ್ಮ ವಾಣಿಜ್ಯ ವಿಭಾಗದಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ಸರ್ಕಾರ ಮತ್ತು ಸ್ಥಳೀಯ ಜನ ಸೇರಿ ನಡೆಸಿದ ಯಾವುದಾದರೂ ಒಂದು ದೊಡ್ಡ ಕೆಲಸವನ್ನು ಆರಿಸಿಕೊಂಡು, ಅದರಲ್ಲಿ ಬಂಡವಾಳ ಯಾರದು, ಹೊಣೆ ಯಾರದು, ಲಾಭ ಯಾರದು ಎಂದು ಬರೆಯಬೇಕು. ನಾನಾರ ಕಾಲುವೆ ತಲೆಯಲ್ಲಿದ್ದುದರಿಂದ ನಾನು ನೀರಾವರಿಯನ್ನೇ ಆರಿಸಿಕೊಂಡೆ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಮೆರಿಕದ ಅರಿಜೋನಾದಲ್ಲಿರುವ ಸಾಲ್ಟ್ ನದಿಯ ಕಣಿವೆ. ಅಲ್ಲಿ ಕೇಂದ್ರ ಸರ್ಕಾರ ಮತ್ತು ರೈತರು ಮಾಡಿಕೊಂಡ ಒಪ್ಪಂದ ನೂರಿಪ್ಪತ್ತು ವರ್ಷ ದಾಟಿ ಇಂದಿಗೂ ನಡೆಯುತ್ತಿದೆ. ನಾವು ಅಕೌಂಟೆನ್ಸಿಯಲ್ಲಿ ಓದುವ ಪಾಲುದಾರಿಕೆ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಆ ಒಪ್ಪಂದವನ್ನು ಓದಿದರೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಕಾನೂನಿನ ಅರ್ಥದಲ್ಲಿ ಅದು ಪಾಲುದಾರಿಕೆ ಸಂಸ್ಥೆಯಲ್ಲ, ನಿಜ. ಆದರೆ ಕೇಳಬೇಕಾದ ಪ್ರಶ್ನೆಗಳು ಅವೇ.

ಒಮ್ಮೆ ಪ್ರವಾಹ, ಒಮ್ಮೆ ಬರ

ಅರಿಜೋನಾ ಬಿಸಿಲಿನ ನಾಡು. ನಮ್ಮ ರಾಯಚೂರಿಗಿಂತಲೂ ಕಡಿಮೆ ಮಳೆ. ಆದರೂ ಸಾಲ್ಟ್ ನದಿಯ ಕಣಿವೆಯಲ್ಲಿ ಬೇಸಾಯ ಬಹಳ ಹಳೆಯದು. ಹೊಹೊಕಮ್ ಎಂದು ಈಗ ಕರೆಯಲಾಗುವ ಮೂಲನಿವಾಸಿಗಳು ಅಲ್ಲಿ ಕೈಯಿಂದಲೇ ನೂರಾರು ಮೈಲಿ ಕಾಲುವೆ ತೋಡಿದ್ದರು. ಸುಮಾರು 15ನೇ ಶತಮಾನದ ಹೊತ್ತಿಗೆ ಆ ಕಾಲುವೆಗಳು ಪಾಳುಬಿದ್ದವು. 1867ರಲ್ಲಿ ಜಾಕ್ ಸ್ವಿಲ್ಲಿಂಗ್ ಎಂಬಾತ ಒಂದು ಕಾಲುವೆ ಕಂಪನಿ ಮಾಡಿ ಮತ್ತೆ ನೀರು ಹರಿಸಿದ. ಹೊಸ ಕಾಲುವೆಗಳಲ್ಲಿ ಕೆಲವು ಹಳೆಯ ಕಾಲುವೆಗಳ ಜಾಡನ್ನೇ ಹಿಡಿದವು. ಬೂದಿಯಿಂದ ಎದ್ದು ಬರುವ ಪಕ್ಷಿಯ ಕಥೆ ನೆನಪಿಸಿಕೊಂಡು ಅಲ್ಲಿ ಬೆಳೆದ ಊರಿಗೆ ಫೀನಿಕ್ಸ್ ಎಂದು ಹೆಸರಿಟ್ಟರು.

ಕಾಲುವೆ ಇತ್ತು, ಆದರೆ ಜಲಾಶಯ ಇರಲಿಲ್ಲ. ನದಿ ಬಂದಾಗ ನೀರು, ಇಲ್ಲದಾಗ ಇಲ್ಲ. 1891ರಲ್ಲಿ ದೊಡ್ಡ ಪ್ರವಾಹ ಬಂದು ಫೀನಿಕ್ಸ್‌ನ ಬೀದಿಗಳಿಗೇ ನೀರು ನುಗ್ಗಿತು. ಆ ದಶಕದ ಕೊನೆಯಲ್ಲಿ ಬರ ಶುರುವಾಗಿ ವರ್ಷಗಟ್ಟಲೆ ನಿಂತಿತು. ಹೊಲಗಳು ಪಾಳುಬಿದ್ದವು, ಕೆಲವರು ಊರು ಬಿಟ್ಟರು. ಇದರ ಮೇಲೆ ಕಾಲುವೆ ಕಂಪನಿಗಳ ಕಾಟ ಬೇರೆ. ಕಂಪನಿಗಳು ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ ಸರಕಿನಂತೆ ಮಾರುತ್ತಿದ್ದವು. 1892ರಲ್ಲಿ ನ್ಯಾಯಾಧೀಶ ಜೋಸೆಫ್ ಕಿಬ್ಬಿ, ನೀರು ಕಂಪನಿಯ ಸ್ವತ್ತಲ್ಲ, ಅದನ್ನು ಬಳಸುವ ಜಮೀನಿಗೆ ಸೇರಿದ್ದು ಎಂದು ತೀರ್ಪು ಕೊಟ್ಟರು. ತೀರ್ಪು ಕಾಗದದಲ್ಲೇ ಉಳಿಯಿತು. ಆದರೆ ಮುಂದೆ ಬಂದ ಇಡೀ ವ್ಯವಸ್ಥೆಗೆ ಅದೇ ಬುನಾದಿಯಾಯಿತು.

ಅಣೆಕಟ್ಟು ಕಟ್ಟಬೇಕೆಂದು ಎಲ್ಲರಿಗೂ ಗೊತ್ತಿತ್ತು. ಫೀನಿಕ್ಸ್‌ನಿಂದ ಮೇಲೆ, ಟೊಂಟೊ ಹಳ್ಳ ಸಾಲ್ಟ್ ನದಿಗೆ ಸೇರುವ ಜಾಗದ ಕೆಳಗೆ, ಕಿರಿದಾದ ಕಲ್ಲಿನ ಕಂದರವೂ ಗುರುತಾಗಿತ್ತು. ಹಣ ಮಾತ್ರ ಇರಲಿಲ್ಲ. ಅರಿಜೋನಾ ಆಗ ಇನ್ನೂ ರಾಜ್ಯವಾಗಿರಲಿಲ್ಲ, ಕೇಂದ್ರದ ಅಧೀನದ ಪ್ರಾಂತ್ಯವಾಗಿತ್ತು. ಅದು ದೊಡ್ಡ ಸಾಲ ಎತ್ತಲು ಕಾನೂನಿನ ತಡೆ ಇತ್ತು. ರೈತರಲ್ಲಿ ಅಷ್ಟು ಹಣ ಇರಲಿಲ್ಲ. ಖಾಸಗಿ ಬಂಡವಾಳಗಾರರಿಗೆ ಅಷ್ಟು ದೀರ್ಘಕಾಲ ಕಾಯುವ ತಾಳ್ಮೆ ಇರಲಿಲ್ಲ.

1902ರ ಕಾಯ್ದೆ

1902ರ ಜೂನ್ 17ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಒಂದು ಕಾಯ್ದೆಗೆ ಸಹಿ ಹಾಕಿದರು. ನೆವಾಡಾದ ಪ್ರತಿನಿಧಿ ಫ್ರಾನ್ಸಿಸ್ ನ್ಯೂಲ್ಯಾಂಡ್ಸ್ ಅದರ ಹಿಂದೆ ಇದ್ದುದರಿಂದ ಅದನ್ನು ನ್ಯೂಲ್ಯಾಂಡ್ಸ್ ಕಾಯ್ದೆ ಎಂದೂ ಕರೆಯುತ್ತಾರೆ. ಅದರ ಲೆಕ್ಕ ಹೀಗಿದೆ. ಪಶ್ಚಿಮದ 16 ರಾಜ್ಯ ಮತ್ತು ಪ್ರಾಂತ್ಯಗಳಲ್ಲಿ ಸರ್ಕಾರಿ ಜಮೀನು ಮಾರಿ ಬಂದ ಹಣವನ್ನು ಒಂದು ನಿಧಿಯಲ್ಲಿ ಇಡುವುದು. ಆ ನಿಧಿಯಿಂದ ಅಣೆಕಟ್ಟು, ಕಾಲುವೆ ಕಟ್ಟುವುದು. ನೀರು ಪಡೆದ ರೈತರು ಕಟ್ಟಿದ ವೆಚ್ಚವನ್ನು ಹತ್ತು ವರ್ಷದೊಳಗೆ ಕಂತಿನಲ್ಲಿ ಮರಳಿಸುವುದು. ಮರಳಿ ಬಂದ ಹಣದಿಂದ ಇನ್ನೊಂದು ಕಡೆ ಅಣೆಕಟ್ಟು ಕಟ್ಟುವುದು. ಅಂದರೆ ಹಣ ತಿರುಗುತ್ತಲೇ ಇರಬೇಕು.

ಇದರಲ್ಲಿ ಮೂರು ಷರತ್ತುಗಳನ್ನು ಗಮನಿಸಬೇಕು. ಒಂದು, ಸಾಲಕ್ಕೆ ಬಡ್ಡಿ ಇಲ್ಲ. ಎರಡು, ಒಬ್ಬ ಮಾಲೀಕನಿಗೆ 160 ಎಕರೆಗಿಂತ ಹೆಚ್ಚಿನ ಜಮೀನಿಗೆ ನೀರು ಇಲ್ಲ. ದೊಡ್ಡ ಜಮೀನ್ದಾರರೇ ಲಾಭ ಹೊಡೆಯಬಾರದು ಎನ್ನುವುದು ಇದರ ಉದ್ದೇಶ. ಮೂರು, ಬಹುಪಾಲು ಜಮೀನಿನ ಬಾಕಿ ತೀರಿದ ಮೇಲೆ ಕಾಲುವೆಗಳ ಆಡಳಿತ ರೈತರಿಗೇ ಹೋಗುತ್ತದೆ, ಆದರೆ ಜಲಾಶಯದ ಒಡೆತನ ಸರ್ಕಾರದಲ್ಲೇ ಉಳಿಯುತ್ತದೆ.

ಸಹಿ ಹಾಕುವವರು ಯಾರು?

ಕಾಯ್ದೆ ಬಂದ ತಕ್ಷಣ ಸಾಲ್ಟ್ ನದಿಯ ರೈತರು ಅರ್ಜಿ ಹಾಕಲು ಮುಂದಾದರು. ಅಲ್ಲೊಂದು ತೊಡಕು ಎದುರಾಯಿತು. ಕಾಯ್ದೆ ಮಾಡಿದವರ ಮನಸ್ಸಿನಲ್ಲಿ ಇದ್ದುದು ಮುಖ್ಯವಾಗಿ ಸರ್ಕಾರಿ ಬೀಳು ಜಮೀನು. ಇಲ್ಲಿಯದು ಬಹುತೇಕ ಖಾಸಗಿ ಜಮೀನು, ಸಾವಿರಾರು ಮಾಲೀಕರು. ಒಬ್ಬೊಬ್ಬರ ಜೊತೆ ಸರ್ಕಾರ ಬೇರೆ ಬೇರೆ ಒಪ್ಪಂದ ಮಾಡಿಕೊಂಡು, ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ಕಂತು ವಸೂಲಿ ಮಾಡಲು ಆಗುತ್ತದೆಯೇ? ಯಾರಾದರೂ ಕಟ್ಟದಿದ್ದರೆ ಹೊಣೆ ಯಾರದು?

ಉತ್ತರವಾಗಿ 1903ರ ಫೆಬ್ರುವರಿಯಲ್ಲಿ ರೈತರು ಸಾಲ್ಟ್ ರಿವರ್ ಕಣಿವೆ ನೀರು ಬಳಕೆದಾರರ ಸಂಘವನ್ನು ನೋಂದಾಯಿಸಿದರು. ಬೆಂಜಮಿನ್ ಫೌಲರ್ ಅದರ ಮೊದಲ ಅಧ್ಯಕ್ಷ. ನಿಯಮಾವಳಿ ಬರೆದವರು ಅದೇ ಜೋಸೆಫ್ ಕಿಬ್ಬಿ. ಒಂದು ಎಕರೆಗೆ ಒಂದು ಷೇರು. ಷೇರನ್ನು ಜಮೀನಿನಿಂದ ಬೇರ್ಪಡಿಸಿ ಮಾರುವಂತಿಲ್ಲ. ಹೊಲ ಕೊಂಡವನಿಗೆ ಷೇರೂ ಹೋಗುತ್ತದೆ. ಮತವೂ ಎಕರೆಗೆ ಒಂದರಂತೆ, ಆದರೆ ಎಷ್ಟೇ ಜಮೀನಿದ್ದರೂ 160 ಮತಕ್ಕೆ ಮಿತಿ. ಸಂಘ ಸರ್ಕಾರಕ್ಕೆ ಸಾಲಗಾರ, ರೈತ ಸಂಘಕ್ಕೆ ಹೊಣೆಗಾರ.

ಇದಕ್ಕಿಂತ ದೊಡ್ಡ ಮಾತು ಅಡಮಾನದ್ದು. ಸಾಲ ತೀರಿಸುತ್ತೇವೆ ಎನ್ನುವುದಕ್ಕೆ ಭದ್ರತೆಯಾಗಿ ರೈತರು ತಮ್ಮ 2 ಲಕ್ಷಕ್ಕೂ ಹೆಚ್ಚು ಎಕರೆ ಜಮೀನನ್ನು ಒತ್ತೆ ಇಟ್ಟರು. ಇನ್ನೂ ಕಟ್ಟದೇ ಇರುವ ಅಣೆಕಟ್ಟಿಗೆ, ಇನ್ನೂ ಬಾರದ ನೀರಿಗೆ, ಬರದಿಂದ ಸೋತಿದ್ದ ಜನ ತಮ್ಮ ಬಳಿ ಉಳಿದಿದ್ದ ಒಂದೇ ಆಸ್ತಿಯನ್ನು ಪಣಕ್ಕಿಟ್ಟರು. ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. ಹಳೆಯ ಕಾಲದಿಂದ ಸಾಗುವಳಿ ಮಾಡಿ ನೀರಿನ ಮೇಲೆ ಮೊದಲ ಹಕ್ಕು ಪಡೆದಿದ್ದವರು, ನಮಗೇಕೆ ಈ ಸಾಲ ಎಂದು ಹಿಂದೆ ಸರಿದದ್ದೂ ಉಂಟು. 1903ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ ಮೊದಲ ಐದು ಯೋಜನೆಗಳಲ್ಲಿ ಇದೂ ಸೇರಿತು. 1904ರಲ್ಲಿ ಸರ್ಕಾರ ಮತ್ತು ಸಂಘದ ನಡುವೆ ಕರಾರು ಆಯಿತು.

ಈ ಭಾಗ ಓದಿದಾಗ ನನಗೆ ಪಾಲುದಾರಿಕೆ ಪತ್ರ ಏಕೆ ಬರೆಯುತ್ತಾರೆ ಎನ್ನುವುದು ಮೊದಲ ಸಲ ನಿಜವಾಗಿ ಅರ್ಥವಾಯಿತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದಾಗ ಅದು ಒಂದು ವ್ಯಾಖ್ಯೆ ಮಾತ್ರ ಆಗಿತ್ತು. ನೀರು ಬರುವುದಕ್ಕೆ ಮೊದಲೇ ಯಾರು ಎಷ್ಟು ಕೊಡಬೇಕು, ಯಾರಿಗೆ ಎಷ್ಟು ಮತ, ಕಟ್ಟದಿದ್ದರೆ ಏನು, ಕೊನೆಗೆ ಕೀಲಿ ಯಾರ ಕೈಗೆ ಎನ್ನುವುದನ್ನೆಲ್ಲ ಅವರು ಬರೆದಿಟ್ಟುಕೊಂಡರು. ಜಗಳ ಆಗಬಾರದು ಎಂದಲ್ಲ, ಜಗಳ ಆದಾಗ ನೋಡಲು ಒಂದು ಕಾಗದ ಇರಲಿ ಎಂದು.

ಬಡ್ಡಿ ಇಲ್ಲದ ಸಾಲದ ನಿಜವಾದ ಬೆಲೆ

ನಮ್ಮ ಮನೆಗಳಲ್ಲಿ ಬಡ್ಡಿ ಇಲ್ಲದೆ ಕೊಡುವ ಸಾಲಕ್ಕೆ ಕರ್ಜೆ ಹಸನಾ ಎನ್ನುತ್ತೇವೆ. ಅದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಮಾಡುವ ಉಪಕಾರ. ಸರ್ಕಾರವೇ ಬಡ್ಡಿ ಬಿಟ್ಟರೆ ಆ ಉಪಕಾರದ ಬೆಲೆ ಎಷ್ಟು? ನಮ್ಮ ಭಾರತೀಯ ಪಾಲುದಾರಿಕೆ ಕಾಯ್ದೆ 1932ರ ಪ್ರಕಾರ, ಪತ್ರದಲ್ಲಿ ಬೇರೆ ಏನೂ ಬರೆಯದಿದ್ದರೆ, ಸಂಸ್ಥೆಗೆ ಸಾಲ ಕೊಟ್ಟ ಪಾಲುದಾರನಿಗೂ ಶೇಕಡಾ 6ರ ಬಡ್ಡಿ ಸಿಗುತ್ತದೆ. ಇಲ್ಲಿ ಸೊನ್ನೆ.

ಲೆಕ್ಕ ಹಾಕಿ ನೋಡೋಣ. ಬಡ್ಡಿ ದರ ಶೇಕಡಾ 4 ಎಂದು ನಾನು ಇಟ್ಟುಕೊಂಡಿದ್ದೇನೆ. ನೀವು ಬೇರೆ ದರ ಇಟ್ಟುಕೊಂಡೂ ಮಾಡಬಹುದು. 100 ಡಾಲರ್ ಸಾಲವನ್ನು ವರ್ಷದ ಕೊನೆಗೆ 10 ಡಾಲರ್‌ನಂತೆ 10 ಕಂತುಗಳಲ್ಲಿ ಬಡ್ಡಿ ಇಲ್ಲದೆ ತೀರಿಸಿದರೆ, ಆ ಕಂತುಗಳ ಇಂದಿನ ಮೌಲ್ಯ ಸುಮಾರು 81 ಡಾಲರ್. ಅಂದರೆ 19 ಡಾಲರ್ ಸರ್ಕಾರದ ಕೊಡುಗೆ. ಅದೇ ಸಾಲವನ್ನು 20 ವರ್ಷಕ್ಕೆ ಹಂಚಿದರೆ ಇಂದಿನ ಮೌಲ್ಯ ಸುಮಾರು 68 ಡಾಲರ್. 40 ವರ್ಷಕ್ಕೆ ಹಂಚಿದರೆ ಸುಮಾರು 49 ಡಾಲರ್ ಮಾತ್ರ. ಅರ್ಧಕ್ಕಿಂತ ಹೆಚ್ಚು ಹೊರೆ ಸರ್ಕಾರದ ಮೇಲೆ, ಅಂದರೆ ಉಳಿದ ತೆರಿಗೆದಾರರ ಮೇಲೆ ಬಿತ್ತು.

ಈ 20, 40 ಎನ್ನುವುದು ನನ್ನ ಕಲ್ಪನೆಯಲ್ಲ. ಹತ್ತು ವರ್ಷದಲ್ಲಿ ತೀರಿಸುವುದು ಹೆಚ್ಚಿನ ಯೋಜನೆಗಳ ರೈತರಿಂದ ಆಗಲೇ ಇಲ್ಲ. ಹೊಲ ಸಮತಟ್ಟು ಮಾಡಬೇಕು, ಮನೆ ಕಟ್ಟಿಕೊಳ್ಳಬೇಕು, ಕೆಲವು ಕಡೆ ನೀರು ಹೆಚ್ಚಾಗಿ ಹೊಲ ಜೌಗಾಯಿತು. ಅದಕ್ಕೆ 1914ರಲ್ಲಿ ಕಾಲಾವಧಿಯನ್ನು 20 ವರ್ಷಕ್ಕೆ, 1926ರಲ್ಲಿ 40 ವರ್ಷಕ್ಕೆ ಏರಿಸಿದರು. ಕಾಗದದ ಮೇಲೆ ಸಾಲದ ಮೊತ್ತ ಬದಲಾಗಲಿಲ್ಲ. ಆದರೆ ಕಂತು ಮುಂದಕ್ಕೆ ಹೋದ ಹಾಗೆಲ್ಲ ಬಡ್ಡಿ ಇಲ್ಲದ ಸಾಲ ಮೆಲ್ಲಗೆ ಸಹಾಯಧನವಾಗುತ್ತಾ ಹೋಯಿತು. ಯಾರೂ ಅದನ್ನು ಸಬ್ಸಿಡಿ ಎಂದು ಬಜೆಟ್‌ನಲ್ಲಿ ಬರೆಯಲಿಲ್ಲ. ಇದು ತಪ್ಪು ಎಂದು ನಾನು ಹೇಳುತ್ತಿಲ್ಲ. ಒಣಭೂಮಿಯ ರೈತನಿಗೆ ಸಹಾಯ ಬೇಕೇ ಬೇಕು. ಆದರೆ ಕೊಡುವವರಿಗೂ ಪಡೆಯುವವರಿಗೂ ಅದರ ಮೊತ್ತ ಗೊತ್ತಿರಬೇಕು.

ಕಲ್ಲು, ಸಿಮೆಂಟ್ ಮತ್ತು ವಿದ್ಯುತ್

ಅಣೆಕಟ್ಟಿನ ಮೊದಲ ಕಲ್ಲು ಇಟ್ಟದ್ದು 1906ರ ಸೆಪ್ಟೆಂಬರ್‌ನಲ್ಲಿ, ಕೊನೆಯ ಕಲ್ಲು 1911ರ ಫೆಬ್ರುವರಿಯಲ್ಲಿ. ಎತ್ತರ 280 ಅಡಿ. ಜಾಗ ಎಷ್ಟು ದುರ್ಗಮ ಎಂದರೆ ಕೆಲಸ ಶುರುವಾಗುವ ಮೊದಲು ಬೆಟ್ಟ ಕಡಿದು ರಸ್ತೆ ಮಾಡಬೇಕಾಯಿತು. ಆ ರಸ್ತೆಯ ಕೆಲಸದಲ್ಲಿ ಅಪಾಚೆ ಮೂಲನಿವಾಸಿಗಳು ದೊಡ್ಡ ಸಂಖ್ಯೆಯಲ್ಲಿ ದುಡಿದರು. ಕಲ್ಲು ಕೆತ್ತಲು ಇಟಲಿಯಿಂದ ವಲಸೆ ಬಂದ ಕುಶಲಕರ್ಮಿಗಳಿದ್ದರು. ಸಿಮೆಂಟನ್ನು ದೂರದಿಂದ ಹೊತ್ತು ತರುವುದು ದುಬಾರಿ ಎಂದು ಸರ್ಕಾರ ಅಲ್ಲೇ ಸ್ವಂತ ಸಿಮೆಂಟ್ ಗಿರಣಿ ಹಾಕಿತು. ತಯಾರಿಸುವುದೋ ಕೊಳ್ಳುವುದೋ ಎನ್ನುವ ನಿರ್ಧಾರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗಿರಣಿ ಮತ್ತು ಯಂತ್ರಗಳನ್ನು ಓಡಿಸಲು ಒಂದು ಕಾಲುವೆ ತೋಡಿ ಅದರ ನೀರಿನಿಂದ ವಿದ್ಯುತ್ ಮಾಡಿಕೊಂಡರು. ಉಳಿದ ವಿದ್ಯುತ್ತನ್ನು ಫೀನಿಕ್ಸ್‌ಗೆ ಮಾರಿದರು. ಆಗ ಇದು ಚಿಕ್ಕ ಉಪ ಆದಾಯ. ಮುಂದೆ ಇಡೀ ಯೋಜನೆಯನ್ನು ಎತ್ತಿ ಹಿಡಿದದ್ದು ಇದೇ. ವೆಚ್ಚ ಮೊದಲ ಅಂದಾಜನ್ನು ಬಹಳ ಮೀರಿ ಒಂದು ಕೋಟಿ ಡಾಲರ್ ದಾಟಿತ್ತು. ಬರೀ ಬೆಳೆಯ ಆದಾಯದಿಂದ ಅದನ್ನು ತೀರಿಸುವುದು ಕಷ್ಟವಿತ್ತು. 1911ರ ಮಾರ್ಚ್ 18ರಂದು, ಆಗ ಮಾಜಿ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್ ಅವರೇ ಬಂದು ತಮ್ಮ ಹೆಸರಿನ ಅಣೆಕಟ್ಟನ್ನು ಉದ್ಘಾಟಿಸಿದರು. ಅರಿಜೋನಾ ರಾಜ್ಯವಾದದ್ದು ಅದರ ಮರು ವರ್ಷ.

ಕೀಲಿ ಕೈಬದಲಾದ ದಿನ

ನೀರು ಸಂಗ್ರಹವಾಗುವುದು ಒಂದು ಕೆಲಸ, ಹಂಚುವುದು ಇನ್ನೊಂದು. 1910ರಲ್ಲಿ ನ್ಯಾಯಾಧೀಶ ಎಡ್ವರ್ಡ್ ಕೆಂಟ್ ಕಣಿವೆಯ ಪ್ರತಿಯೊಂದು ತುಂಡು ಜಮೀನೂ ಯಾವ ವರ್ಷದಿಂದ ಸಾಗುವಳಿಯಲ್ಲಿದೆ ಎಂದು ದಾಖಲೆ ನೋಡಿ, ಅದರ ಆಧಾರದ ಮೇಲೆ ಹಕ್ಕನ್ನು ನಿಗದಿ ಮಾಡಿದರು. ಇದು ಸುಮ್ಮನೆ 'ಎಲ್ಲರಿಗೂ ನೀರು' ಎನ್ನುವ ಮಾತಲ್ಲ. ಯಾವ ಹೊಲಕ್ಕೆ ಎಷ್ಟನೇ ಸರದಿ ಎನ್ನುವ ಪಟ್ಟಿ.

1917ರಲ್ಲಿ ಕೇಂದ್ರ ಸರ್ಕಾರ ಅಣೆಕಟ್ಟು ಮತ್ತು ಕಾಲುವೆಗಳ ನಿರ್ವಹಣೆಯನ್ನು ಸಂಘಕ್ಕೆ ಒಪ್ಪಿಸಿತು. ಸಾಲ ಪೂರ್ತಿ ತೀರುವ ಮೊದಲೇ ಇದು ನಡೆಯಿತು. ಒಡೆತನ ಸರ್ಕಾರದ್ದು, ಆಡಳಿತ ಬಳಸುವವರದ್ದು. ಅಲ್ಲಿಂದ ಮುಂದೆ ಗೇಟು ಎತ್ತುವವನು, ಇಳಿಸುವವನು ಸಂಘದ ನೌಕರ. ಅವನ ಸಂಬಳ ರೈತರ ಶುಲ್ಕದಿಂದ. ಅಲ್ಲಿಯ ಕಾಲುವೆ ನೋಡಿಕೊಳ್ಳುವ ನೌಕರನಿಗೆ ಇಂದಿಗೂ ಸ್ಪ್ಯಾನಿಷ್ ಹೆಸರೇ ಇದೆ, ಸಂಹೇರೊ ಎಂದು. ನಮ್ಮ ಹಳ್ಳಿಗಳ ಹಳೆಯ ನೀರಗಂಟಿಯ ಹಾಗೆ. ನೀರು ಬರಲಿಲ್ಲ ಎಂದರೆ ರೈತ ಕೇಳಬೇಕಾದದ್ದು ತಾನೇ ಮತ ಹಾಕಿ ಆರಿಸಿದ ಆಡಳಿತ ಮಂಡಳಿಯನ್ನು.

ಕಷ್ಟದ ದಿನಗಳೂ ಬಂದವು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆಯ ಬೆಲೆ ಬಿದ್ದು ಸಂಘ ಸಾಲದ ಹೊರೆಯಲ್ಲಿ ಸಿಲುಕಿತು. 1937ರಲ್ಲಿ ಸಂಘದ ಜೊತೆಗೆ ಒಂದು ಸಾರ್ವಜನಿಕ ಜಿಲ್ಲಾ ಸಂಸ್ಥೆಯನ್ನು ರಚಿಸಿದರು. ಅದರ ಬಾಂಡ್‌ಗಳಿಗೆ ತೆರಿಗೆ ವಿನಾಯಿತಿ ಇದ್ದುದರಿಂದ ಕಡಿಮೆ ಬಡ್ಡಿಗೆ ಹಣ ಸಿಕ್ಕಿತು. ವಿದ್ಯುತ್ ಮಾರಾಟ ಬೆಳೆಯಿತು. ಕೊನೆಗೆ 1955ರಲ್ಲಿ ಅಣೆಕಟ್ಟಿನ ಸಾಲ ಪೂರ್ತಿ ತೀರಿತು. ಹತ್ತು ವರ್ಷ ಎಂದು ಬರೆದಿದ್ದು ನಲವತ್ತನಾಲ್ಕು ವರ್ಷ ಹಿಡಿಯಿತು, ಆದರೆ ತೀರಿತು. ಇಂದು ಆ ಹೊಲಗಳಲ್ಲಿ ಹೆಚ್ಚಿನವು ಫೀನಿಕ್ಸ್ ನಗರದ ಬಡಾವಣೆಗಳಾಗಿವೆ. ಅಣೆಕಟ್ಟನ್ನೂ 1996ರ ಹೊತ್ತಿಗೆ 357 ಅಡಿಗೆ ಎತ್ತರಿಸಿದ್ದಾರೆ. ರೈತರು ಶುರು ಮಾಡಿದ ಸಂಸ್ಥೆ ಈಗ ನಗರಕ್ಕೆ ನೀರು, ವಿದ್ಯುತ್ ಕೊಡುತ್ತಿದೆ.

ಪತ್ರದಲ್ಲಿ ಹೆಸರಿಲ್ಲದವರು

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಪ್ರಾಜೆಕ್ಟ್ ಒಂದು ಯಶಸ್ಸಿನ ಕಥೆಯಾಗುತ್ತಿತ್ತು. ಆದರೆ ಅದೇ ಕಣಿವೆಯ ದಕ್ಷಿಣಕ್ಕೆ ಹಿಲಾ ಎಂಬ ಇನ್ನೊಂದು ನದಿ ಇದೆ. ಸಾಲ್ಟ್ ನದಿ ಸೇರುವುದು ಅದಕ್ಕೇ. ಅದರ ದಂಡೆಯಲ್ಲಿ ಅಕಿಮೆಲ್ ಓಧಮ್ ಎಂಬ ಜನ ತಲೆಮಾರುಗಳಿಂದ ಕಾಲುವೆ ಬೇಸಾಯ ಮಾಡುತ್ತಿದ್ದರು. ಆ ಹೆಸರಿನ ಅರ್ಥವೇ 'ನದಿಯ ಜನ'. ಹೊರಗಿನವರು ಅವರನ್ನು ಪೀಮಾ ಎಂದು ಕರೆದರು. 19ನೇ ಶತಮಾನದ ಮಧ್ಯದಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ ಹುಡುಕಿ ಹೋಗುತ್ತಿದ್ದ ಸಾವಿರಾರು ಪ್ರಯಾಣಿಕರಿಗೆ, ಸೈನ್ಯಕ್ಕೆ ಗೋಧಿ ಮಾರಿದವರು ಇವರೇ. ಒಳ್ಳೆಯ ರೈತರು, ಒಳ್ಳೆಯ ವ್ಯಾಪಾರಿಗಳು.

ಆಮೇಲೆ ಮೇಲ್ಭಾಗದಲ್ಲಿ ನೆಲೆಸಿದ ಹೊಸಬರು ಹಿಲಾ ನದಿಯ ನೀರನ್ನು ತಿರುಗಿಸಿಕೊಂಡರು. ಕೆಳಗೆ ನದಿ ಬತ್ತಿತು. ಗೋಧಿ ಮಾರುತ್ತಿದ್ದ ಜನ 1890ರ ದಶಕದಲ್ಲಿ ಹಸಿವಿನಿಂದ ನರಳಿದರು. 1902ರ ಕಾಯ್ದೆ ಬಂದಾಗ ಹಿಲಾ ನದಿಯ ಮೇಲೆ ಸ್ಯಾನ್ ಕಾರ್ಲೋಸ್ ಎಂಬಲ್ಲಿ ಅಣೆಕಟ್ಟು ಕಟ್ಟುವ ಪ್ರಸ್ತಾಪವೂ ಇತ್ತು. ಅದು ಆಗಿದ್ದರೆ ಇವರಿಗೆ ನೀರು ಸಿಗುತ್ತಿತ್ತು. ಆದರೆ ಆಯ್ಕೆಯಾದದ್ದು ಸಾಲ್ಟ್ ನದಿ. ಅಲ್ಲಿ ಸಂಘಟಿತ ಭೂಮಾಲೀಕರಿದ್ದರು, ಒತ್ತೆಯಿಡಲು ಜಮೀನಿತ್ತು, ವಾಷಿಂಗ್ಟನ್‌ಗೆ ಹೋಗಿ ಮಾತನಾಡುವವರಿದ್ದರು. ಮೀಸಲು ಪ್ರದೇಶದಲ್ಲಿದ್ದ ಮೂಲನಿವಾಸಿಗಳ ಬಳಿ ಒತ್ತೆಯಿಡುವ ಪತ್ರವೂ ಇರಲಿಲ್ಲ, ಮತವೂ ಇರಲಿಲ್ಲ. ಹಿಲಾ ನದಿಯ ಮೇಲಿನ ಕೂಲಿಡ್ಜ್ ಅಣೆಕಟ್ಟು ಉದ್ಘಾಟನೆಯಾದದ್ದು 1930ರಲ್ಲಿ.

1908ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಮೊಂಟಾನಾದ ಒಂದು ಪ್ರಕರಣದಲ್ಲಿ, ಮೂಲನಿವಾಸಿಗಳಿಗೆ ಜಮೀನು ಮೀಸಲಿಟ್ಟಾಗ ಅದಕ್ಕೆ ಬೇಕಾದ ನೀರೂ ಮೀಸಲಾಗಿದೆ ಎಂದು ಹೇಳಿತ್ತು. ಆದರೂ ಹಿಲಾ ನದಿಯ ಜನರ ಹಕ್ಕು ಇತ್ಯರ್ಥವಾಗಿ ಕಾಯ್ದೆಯಾದದ್ದು 2004ರಲ್ಲಿ. ಆ ಒಪ್ಪಂದದಲ್ಲಿ ಅವರಿಗೆ ವರ್ಷಕ್ಕೆ 6,53,500 ಎಕರೆ-ಅಡಿ ನೀರು ನಿಗದಿಯಾಯಿತು. ಒಂದು ಎಕರೆ ಜಮೀನಿನ ಮೇಲೆ ಒಂದು ಅಡಿ ನೀರು ನಿಂತರೆ ಅದು ಒಂದು ಎಕರೆ-ಅಡಿ. ನಮಗೆ ಗೊತ್ತಿರುವ ಟಿಎಂಸಿ ಲೆಕ್ಕದಲ್ಲಿ ಇದು ಸುಮಾರು 28 ಟಿಎಂಸಿ, ಅಂದರೆ ನಮ್ಮ ತುಂಗಭದ್ರಾ ಜಲಾಶಯದ ಈಗಿನ ಸಂಗ್ರಹದ ಕಾಲು ಭಾಗಕ್ಕಿಂತ ಹೆಚ್ಚು. ಅಷ್ಟು ನೀರು ಇಷ್ಟು ವರ್ಷ ಯಾರ ಲೆಕ್ಕದಲ್ಲಿ ಹರಿಯಿತು?

ಪಾಲುದಾರಿಕೆ ಪತ್ರ ಸಹಿ ಹಾಕಿದವರನ್ನು ಕಾಪಾಡುತ್ತದೆ. ಸಾಲ್ಟ್ ನದಿಯಲ್ಲಿ ಅದು ಚೆನ್ನಾಗಿಯೇ ಕಾಪಾಡಿತು. ಆದರೆ ಪತ್ರ ಬರೆಯುವ ದಿನ ಕೋಣೆಯೊಳಗೆ ಇರದವರ ನೀರು ಆ ಪತ್ರದಿಂದಲೇ ದೂರವಾಗಬಹುದು. ನನ್ನ ಪ್ರಾಜೆಕ್ಟ್‌ನಿಂದ ನಾನು ಕಲಿತದ್ದು ಈ ಎರಡೂ ಮಾತುಗಳನ್ನು.

ನಮ್ಮ ಕಾಲುವೆಗೆ ಬಂದರೆ

ತುಂಗಭದ್ರಾ ಅಣೆಕಟ್ಟೂ ಒಂದು ಜಂಟಿ ಕೆಲಸವೇ. ಆಗಿನ ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು ಸೇರಿ 1945ರಲ್ಲಿ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ನಿಂತಿತು, ಅದೇ ವರ್ಷ ತುಂಗಭದ್ರಾ ಮಂಡಳಿಯೂ ಬಂತು. ಸರ್ಕಾರ ಸರ್ಕಾರಗಳ ನಡುವಿನ ಪತ್ರ ಇತ್ತು. ರೈತನ ಸಹಿ ಇರಲಿಲ್ಲ. ಹೂಳು ತುಂಬಿ 133 ಟಿಎಂಸಿ ಇದ್ದ ಸಾಮರ್ಥ್ಯ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋದಾಗ ನಮ್ಮ ನಾನಾ ರಾತ್ರಿಯಿಡೀ ಮಲಗಲಿಲ್ಲ. ಅಷ್ಟು ದೂರದ ಒಂದು ಸರಪಳಿ ತುಂಡಾದರೆ ಇಲ್ಲಿ ನಮ್ಮ ಬೆಳೆ ಹೋಗುತ್ತದೆ ಎನ್ನುವುದು ಅವರಿಗೆ ಗೊತ್ತಿತ್ತು.

ರೈತನಿಗೆ ಸಹಿ ಹಾಕುವ ಅವಕಾಶ ನಮ್ಮಲ್ಲಿ ಬಂದದ್ದು ತಡವಾಗಿ. ಕರ್ನಾಟಕ ನೀರಾವರಿ ಕಾಯ್ದೆ 1965ರದು. ಅದಕ್ಕೆ 2000ದಲ್ಲಿ ತಿದ್ದುಪಡಿ ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಕಾನೂನಿನ ಬಲ ಕೊಟ್ಟರು. ತಮ್ಮ ವ್ಯಾಪ್ತಿಯಲ್ಲಿ ನೀರು ಹಂಚುವುದು, ಕಾಲುವೆ ನೋಡಿಕೊಳ್ಳುವುದು, ನೀರಿನ ಕರ ವಸೂಲಿ ಮಾಡುವುದು ಇವುಗಳ ಕೆಲಸ. ಸಾಲ್ಟ್ ನದಿಯ ಸಂಘದ ಕೆಲಸವೂ ಇದೇ ಅಲ್ಲವೇ ಎಂದು ಓದುವಾಗ ನನಗೆ ಆಶ್ಚರ್ಯವಾಯಿತು. ವ್ಯತ್ಯಾಸ ಇಷ್ಟೇ. ಅಲ್ಲಿ ರೈತರು ಮೊದಲು ಹೊಣೆ ಹೊತ್ತರು, ಆಮೇಲೆ ಕೀಲಿ ಕೇಳಿ ಪಡೆದರು. ನಮ್ಮಲ್ಲಿ ಕಟ್ಟಿದ್ದು, ಹಂಚಿದ್ದು ಎಲ್ಲ ಸರ್ಕಾರವೇ. ಐವತ್ತು ವರ್ಷ ಆದ ಮೇಲೆ ಸಂಘ ಮಾಡಿಕೊಳ್ಳಿ ಎಂದಾಗ, ತಮ್ಮದು ಎಂಬ ಭಾವನೆಯೇ ಇಲ್ಲದ ಕಾಲುವೆಗೆ ಕರ ಕಟ್ಟಲು ಯಾರು ಮುಂದೆ ಬರುತ್ತಾರೆ? ಕೊನೆಯ ಭಾಗಕ್ಕೆ ನೀರೇ ಬಾರದಿದ್ದರೆ ಕರ ಏಕೆ ಎಂದು ಅವರು ಕೇಳುತ್ತಾರೆ. ಕರ ಬಾರದಿದ್ದರೆ ಹೂಳು ತೆಗೆಯುವುದು ಹೇಗೆ ಎಂದು ಸಂಘ ಕೇಳುತ್ತದೆ. ಎರಡೂ ಸರಿಯಾದ ಪ್ರಶ್ನೆಗಳೇ. ಅದಕ್ಕೇ ಇದು ಬಿಡಿಸಲು ಕಷ್ಟ.

ದಸರಾ ರಜೆಯಲ್ಲಿ ನಾನಾರ ಮನೆಗೆ ಹೋದಾಗ ಇದನ್ನೆಲ್ಲ ಹೇಳಿದೆ. "ನಮ್ಮ ಊರಲ್ಲೂ ಸಂಘ ಇದೆಯಾ, ನೀವು ಸದಸ್ಯರಾ?" ಎಂದು ಕೇಳಿದೆ. ಬೋರ್ಡ್ ಇದೆ, ಮೀಟಿಂಗ್ ಆದದ್ದು ನೆನಪಿಲ್ಲ ಎಂದರು. ಆಗ ಒಳಗಿಂದ ನಾನಿ ಒಂದು ತಗಡಿನ ಪೆಟ್ಟಿಗೆ ತಂದರು. ಪಹಣಿ, ರೇಷನ್ ಕಾರ್ಡ್, ಹಳೆಯ ಕರೆಂಟ್ ಬಿಲ್‌ಗಳ ನಡುವೆ ಸಂಘದ ಷೇರು ರಸೀದಿ ಸಿಕ್ಕಿತು. ಹೆಸರು ನೋಡಿದರೆ ನಾನಾರದ್ದಲ್ಲ, ನಾನಿಯದು. ಹೊಲ ಅವರ ಅಪ್ಪ ಕೊಟ್ಟದ್ದು, ಪಹಣಿ ಅವರ ಹೆಸರಲ್ಲೇ ಇದೆ. "ಯಾರೋ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು ಬೇಟಾ. ಆಮೇಲೆ ನನ್ನನ್ನು ಯಾರು ಕರೆದರು?" ಎಂದರು. ಇಷ್ಟು ವರ್ಷ ನೀರು ಬಂತಾ ಎಂದು ನಾವೆಲ್ಲ ಕೇಳಿದ್ದು ನಾನಾರನ್ನು. ಪತ್ರದಲ್ಲಿ ಇರುವ ಪಾಲುದಾರರು ನಾನಿ.

ಮರುದಿನ ನಾನು ಮತ್ತು ನಾನಿ ಸಂಘದ ಕಾರ್ಯದರ್ಶಿಯ ಮನೆಗೆ ಹೋದೆವು. ಸದಸ್ಯರ ಪಟ್ಟಿ ಮತ್ತು ಕಳೆದ ಲೆಕ್ಕಪತ್ರ ನೋಡಬೇಕು ಎಂದು ನಾನು ಕೇಳಿದೆ. ಅವರು ಬೈಯಲಿಲ್ಲ, ಚಹಾ ಕೊಟ್ಟರು. ಪುಸ್ತಕ ಬೇರೆಯವರ ಬಳಿ ಇದೆ, ಬರುವ ತಿಂಗಳು ಸಭೆ ಕರೆಯುತ್ತೇವೆ ಎಂದರು. ಕರೆಯುತ್ತಾರೋ ಇಲ್ಲವೋ ನೋಡಬೇಕು. ಹೊರಗೆ ಬರುವಾಗ ನಾನಿ ತಿರುಗಿ ನಿಂತು, "ಸಭೆಯ ನೋಟಿಸ್ ನನ್ನ ಹೆಸರಿಗೇ ಕಳಿಸಿ ಅಣ್ಣ" ಎಂದು ಹೇಳಿ ಬಂದರು.

ನಿಮ್ಮಲ್ಲಿ ಹಲವರ ಮನೆಗೂ ಕಾಲುವೆ ಕೆಳಗೆ ಹೊಲ ಇರಬಹುದು. ಈ ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಕೇಳಿ ನೋಡಿ: ನಮ್ಮ ಕಾಲುವೆಗೆ ಸಂಘ ಇದೆಯೇ, ಅದರ ಪಟ್ಟಿಯಲ್ಲಿ ಯಾರ ಹೆಸರಿದೆ, ಲೆಕ್ಕದ ಪುಸ್ತಕ ಎಲ್ಲಿದೆ? ಜಮಾ-ಖರ್ಚು ಓದಲು ನಾವು ಕಲಿಯುತ್ತಿದ್ದೇವೆ. ಓದಿ ಹೇಳಲು ಮನೆಯಲ್ಲಿ ನಮಗಿಂತ ಬೇರೆ ಯಾರಿದ್ದಾರೆ?

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ